ಬಿಡಿಭಾಗ ಬದಲಿಸುವ ಮುನ್ನ ಅಳತೆ ಆಗಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿದುಕೊಂಡಿತೆಂದರೆ ನಮ್ಮ ಮಲೆನಾಡಿನ ಗ್ಯಾರೇಜುಗಳಿಗೆ ಬರುವ ಕಾರುಗಳ ದೂರು ಬಹುಮಟ್ಟಿಗೆ ಒಂದೇ ಬಗೆಯದಾಗಿರುತ್ತದೆ. ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಎಂಜಿನ್ ದೀಪ, ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಸಿಲುಕಿ ಜಾರದಂತೆ ತಡೆಯುವ ವ್ಯವಸ್ಥೆ) ದೀಪ, ಏರ್‌ಬ್ಯಾಗ್ ದೀಪ, ಸ್ಟೀರಿಂಗ್ ದೀಪ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ, ಆಮೇಲೆ ಆರುವುದಿಲ್ಲ. ವೇಗದ ಮುಳ್ಳು ಸೊನ್ನೆಯಿಂದ ಮೇಲೇಳುವುದಿಲ್ಲ, ಸ್ಟೀರಿಂಗ್ ಬಿಗಿಯಾಗುತ್ತದೆ, ಸೆಂಟ್ರಲ್ ಲಾಕ್ ತಾನಾಗಿಯೇ ಬಿದ್ದು ತೆರೆಯುತ್ತದೆ. ಗಾಬರಿಗೊಂಡ ಮಾಲೀಕರು ವರ್ಕ್‌ಶಾಪಿಗೆ ಒಯ್ದರೆ ಅಲ್ಲಿ ಕಾರಿನ ಕಂಪ್ಯೂಟರುಗಳು ಬರೆದಿಟ್ಟ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿ, ಅದು ತೋರಿಸಿದ ದೋಷದ ಕೋಡುಗಳನ್ನೆಲ್ಲ ಬರೆದುಕೊಂಡು, ಒಂದೊಂದು ಕೋಡಿಗೆ ಒಂದೊಂದು ಬಿಡಿಭಾಗವೆಂಬಂತೆ ಲೆಕ್ಕ ಹಾಕಿದ ಅಂದಾಜು ಪಟ್ಟಿಯನ್ನು ಕೈಗಿಡುತ್ತಾರೆ. ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವೃತ್ತಿಯ ಹುಡುಗರಿಗೆ ಪಾಠ ಹೇಳಿ ನಿವೃತ್ತನಾಗಿರುವ ನನ್ನ ಬಳಿಗೆ ಅಂಥ ಪಟ್ಟಿಗಳನ್ನು ಹಿಡಿದು ಬರುವ ಪರಿಚಿತರು ಈಚೆಗೆ ಹೆಚ್ಚಾಗಿದ್ದಾರೆ. ಅವರೆಲ್ಲರಿಗೂ ಹೇಳುವ ಮಾತನ್ನೇ ತಮ್ಮ ಪತ್ರಿಕೆಯ ಮೂಲಕ ಎಲ್ಲ ಕಾರು ಮಾಲೀಕರಿಗೂ, ಮೆಕ್ಯಾನಿಕ್ ಬಂಧುಗಳಿಗೂ, ತರಬೇತಿ ಇಲಾಖೆಗೂ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಒಂದೇ ಹೊತ್ತಿಗೆ ಕಾಣಿಸಿಕೊಂಡ ಹಲವು ವಿದ್ಯುತ್ ದೋಷಗಳಿಗೆ ಹೆಚ್ಚಿನ ಸಲ ಮೂಲ ಒಂದೇ ಇರುತ್ತದೆ. ಬ್ಯಾಟರಿ, ಅರ್ತಿಂಗ್ (ವಿದ್ಯುತ್ತು ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ), ಕಾರಿನ ಹಲವು ಕಂಪ್ಯೂಟರ್ ಘಟಕಗಳಿಗೆ ಹಂಚಿಹೋಗುವ ಒಂದು ಫ್ಯೂಸು, ಇಲ್ಲವೇ ಘಟಕಗಳು ಪರಸ್ಪರ ಮಾತನಾಡುವ ಎರಡು ತಂತಿಗಳು, ಇವುಗಳಲ್ಲೊಂದು ಕೆಟ್ಟಿರುತ್ತದೆ. ಈ ನಾಲ್ಕನ್ನೂ ವೋಲ್ಟ್, ಓಮ್ ಅಳೆಯುವ ಮೀಟರ್ ಹಿಡಿದು ಅಳೆಯದೆ ದುಬಾರಿ ಎಲೆಕ್ಟ್ರಾನಿಕ್ ಘಟಕವನ್ನು ಬದಲಿಸುವುದು ದುರಸ್ತಿ ಎನಿಸಿಕೊಳ್ಳುವುದಿಲ್ಲ. ಅಳೆದದ್ದನ್ನು ಜಾಬ್ ಕಾರ್ಡಿನಲ್ಲಿ (ಗಾಡಿಗೆ ಮಾಡಿದ ಕೆಲಸದ ವಿವರ ಬರೆಯುವ ಚೀಟಿಯಲ್ಲಿ) ಬರೆದು ಗ್ರಾಹಕನಿಗೆ ಕೊಡುವ ಪದ್ಧತಿ ಬರಬೇಕೆಂಬುದು ನನ್ನ ಒತ್ತಾಯ.

ದೀಪಗಳು ಗುಂಪಾಗಿ ಏಕೆ ಹೊತ್ತುತ್ತವೆ ಎಂಬುದನ್ನು ಮೊದಲು ಹೇಳಬೇಕು. ಹಿಂದಿನ ಕಾರಿನಲ್ಲಿ ಹಾರ್ನಿನ ತಂತಿ ಹಾರ್ನಿಗೆ, ವೈಪರಿನ ತಂತಿ ವೈಪರಿಗೆ ಹೋಗುತ್ತಿತ್ತು. ಒಂದು ಕೆಟ್ಟರೆ ಅದೊಂದೇ ಕೆಡುತ್ತಿತ್ತು. ಈಗಿನ ಕಾರಿನಲ್ಲಿ ಎಂಜಿನ್, ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್, ಬಾಗಿಲು-ದೀಪಗಳ ನಿರ್ವಹಣೆಗೆ ಬೇರೆ ಬೇರೆ ಕಂಪ್ಯೂಟರ್ ಘಟಕಗಳಿದ್ದು, ಅವು ಒಂದಕ್ಕೊಂದು ಹೆಣೆದ ಎರಡು ತಂತಿಗಳ ಮೇಲೆ ಮಾಹಿತಿ ಹಂಚಿಕೊಳ್ಳುತ್ತವೆ. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ರೂಪಿಸಲು ತೊಡಗಿ 1986ರಲ್ಲಿ ಹೊರತಂದ ಈ ವ್ಯವಸ್ಥೆಯ ಹೆಸರು ಕ್ಯಾನ್. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾಯಿತು, ಅದೇ ವರ್ಷದ ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು, 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂದಿತು. ಹೀಗಾಗಿ ಅತಿ ಅಗ್ಗದ ಕಾರಿನಲ್ಲಿಯೂ ಇಂಥ ಹಲವು ಘಟಕಗಳು ಇದ್ದೇ ಇರುತ್ತವೆ. ಇವು ಜೀವ ಉಳಿಸುವ, ಗಾಳಿಯನ್ನು ಸ್ವಚ್ಛವಾಗಿಡುವ ವ್ಯವಸ್ಥೆಗಳು. ಅವುಗಳ ಬಗ್ಗೆ ನನ್ನ ತಕರಾರೇನೂ ಇಲ್ಲ.

ಚಕ್ರಗಳ ವೇಗವನ್ನು ಅಳೆಯುವುದು ಎಬಿಎಸ್ ಘಟಕದ ಕೆಲಸ. ಆ ಲೆಕ್ಕವನ್ನು ಅದು ಕ್ಯಾನ್ ತಂತಿಯ ಮೇಲೆ ಹಾಕಿದಾಗ ವೇಗದ ಮುಳ್ಳು, ಎಂಜಿನ್ ಘಟಕ, ಸ್ಟೀರಿಂಗ್ ಘಟಕ, ಆಟೊಮ್ಯಾಟಿಕ್ ಗೇರ್ ಇದ್ದರೆ ಅದೂ, ತಮಗೆ ಬೇಕಾದಂತೆ ಎತ್ತಿಕೊಳ್ಳುತ್ತವೆ. ಎಬಿಎಸ್ ಘಟಕಕ್ಕೆ ವಿದ್ಯುತ್ ಬರುವ ಫ್ಯೂಸ್ ಒಂದು ಸಡಿಲವಾಯಿತೆನ್ನಿ. ಅದು ಮೌನವಾದ ಕೂಡಲೇ ಅದನ್ನು ನಂಬಿದ್ದ ಪ್ರತಿಯೊಂದು ಘಟಕವೂ ತನ್ನ ನೆನಪಿನಲ್ಲಿ ಒಂದು ದೂರು ಬರೆದಿಡುತ್ತದೆ. ಅಂಚೆಯಣ್ಣ ಒಂದು ದಿನ ಊರಿಗೆ ಬಾರದಿದ್ದರೆ ಹತ್ತು ಮನೆಯವರು ಕಾಗದ ಬಂದಿಲ್ಲವೆನ್ನುತ್ತಾರೆ. ಆ ಹತ್ತೂ ಮನೆಗಳಲ್ಲಿ ಏನೋ ಕೆಟ್ಟಿದೆಯೆಂದು ಯಾರೂ ತೀರ್ಮಾನಿಸುವುದಿಲ್ಲ. ಸ್ಕ್ಯಾನರ್ ತೋರಿಸುವ ಕೋಡುಗಳನ್ನೂ ಹಾಗೆಯೇ ಓದಬೇಕು. 'ಯು' ಅಕ್ಷರದಿಂದ ಆರಂಭವಾಗುವ ಕೋಡು ಸಂಪರ್ಕ ಕಡಿದದ್ದನ್ನು ಹೇಳುತ್ತದೆ. ಯು0100 ಎಂದರೆ ಎಂಜಿನ್ ಘಟಕದಿಂದ, ಯು0121 ಎಂದರೆ ಎಬಿಎಸ್ ಘಟಕದಿಂದ ಸುದ್ದಿ ಬರುತ್ತಿಲ್ಲವೆಂದು ಅರ್ಥ. ಇಂಥ ಕೋಡನ್ನು ಬರೆದ ಘಟಕ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಯಾವುದರ ಬಗ್ಗೆ ಎಲ್ಲರೂ ದೂರುತ್ತಿದ್ದಾರೋ ಅದಕ್ಕೆ ವಿದ್ಯುತ್ತು, ಅರ್ತ್, ತಂತಿ ಮೂರೂ ಸರಿಯಾಗಿ ತಲುಪುತ್ತಿವೆಯೇ ಎಂದು ನೋಡಬೇಕು. ಆ ಮೂರೂ ಸರಿಯಿದ್ದು ಘಟಕ ಆಗಲೂ ಬಾಯಿ ಬಿಡದಿದ್ದರೆ ಮಾತ್ರ ಘಟಕವನ್ನು ಅನುಮಾನಿಸಬೇಕು. ಪಿ0562 ಅಂದರೆ ಒಟ್ಟು ವೋಲ್ಟೇಜ್ ಕುಸಿದಿತ್ತೆಂದು ಕಾರೇ ಹೇಳಿಕೊಂಡಂತೆ. ಪಟ್ಟಿಯಲ್ಲಿ ಆ ಕೋಡು ಕಂಡರೆ ಉಳಿದವನ್ನೆಲ್ಲ ಪಕ್ಕಕ್ಕಿಟ್ಟು ಬ್ಯಾಟರಿಯಿಂದ ಕೆಲಸ ಆರಂಭಿಸುವುದು ಜಾಣತನ.

ಇಲ್ಲಿಯೇ ಒಂದು ಕೆಟ್ಟ ಅಭ್ಯಾಸದ ಬಗ್ಗೆ ಎಚ್ಚರಿಸಬೇಕು. ಕಾರು ಬಂದ ಕೂಡಲೇ ಕೋಡುಗಳನ್ನೆಲ್ಲ ಅಳಿಸಿ, ಮತ್ತೆ ಬಂದರೆ ನೋಡೋಣವೆಂದು ಕಳುಹಿಸುವವರಿದ್ದಾರೆ. ಹೊಗೆಗೆ ಸಂಬಂಧಿಸಿದ ದೋಷ ದಾಖಲಾದ ಗಳಿಗೆಯಲ್ಲಿ ಎಂಜಿನ್ ಎಷ್ಟು ವೇಗದಲ್ಲಿತ್ತು, ಎಷ್ಟು ಬಿಸಿಯಾಗಿತ್ತು, ಗಾಡಿ ಓಡುತ್ತಿತ್ತೇ ನಿಂತಿತ್ತೇ ಎಂಬುದೆಲ್ಲವೂ ಕೋಡಿನ ಜೊತೆಗೆ ಉಳಿದಿರುತ್ತದೆ. ಕೆಲವು ಕಾರುಗಳಲ್ಲಿ ಆಗಿನ ವೋಲ್ಟೇಜೂ ಸಿಗುತ್ತದೆ. ಕೋಡಿನ ಜೊತೆ ಆ ವಿವರಗಳೂ ಅಳಿಸಿಹೋಗುತ್ತವೆ. ಎಲ್ಲವನ್ನೂ ಬರೆದುಕೊಂಡ ಮೇಲೆ, ಅಥವಾ ಫೋನಿನಲ್ಲಿ ಫೋಟೊ ತೆಗೆದಿಟ್ಟ ಮೇಲೆ ಮಾತ್ರ ಅಳಿಸಬೇಕು.

ಇನ್ನು ಬ್ಯಾಟರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಪೂರ್ಣ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿಯಾಗಿದೆ ಎಂದರ್ಥ. ಸೆಲ್ಫ್ ಹೊಡೆಯುವಾಗ ಅದು ಸುಮಾರು 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು. ಬಿದ್ದರೆ ಆ ಕ್ಷಣದಲ್ಲಿ ಕೆಲವು ಘಟಕಗಳು ಆರಿ ಮತ್ತೆ ಹೊತ್ತಿಕೊಳ್ಳುತ್ತವೆ, ಉಳಿದ ಘಟಕಗಳು ಅವು ಕಾಣೆಯಾದವೆಂದು ಬರೆದಿಡುತ್ತವೆ. ಎಂಜಿನ್ ಓಡುವಾಗ 13.8ರಿಂದ 14.7ರೊಳಗೆ ಇರುವುದು ವಾಡಿಕೆ. ಆದರೆ ಹೊಸ ಕಾರುಗಳ ಆಲ್ಟರ್ನೇಟರನ್ನು (ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರ) ಎಂಜಿನ್ ಘಟಕವೇ ಏರಿಸಿ ಇಳಿಸುವುದರಿಂದ ಒಮ್ಮೊಮ್ಮೆ ಕಡಿಮೆ ಕಂಡರೂ ತಕ್ಷಣ ಅದನ್ನು ದೂಷಿಸುವಂತಿಲ್ಲ. ಹೆಡ್‌ಲೈಟ್ ಹಾಕಿ, ಬ್ಲೋವರ್ ಪೂರ್ತಿ ಇಟ್ಟು ಮತ್ತೆ ಅಳೆಯಬೇಕು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲಿಟ್ಟಾಗ ಅರ್ಧ ವೋಲ್ಟಿನಷ್ಟು ಕಂಡರೆ ಆಲ್ಟರ್ನೇಟರಿನೊಳಗಿನ ಡಯೋಡ್ ಕೆಟ್ಟಿರುವ ಸಂಭವ ಹೆಚ್ಚು. ಅದರಿಂದ ಹೊರಡುವ ಅಲೆ ರೇಡಿಯೊದ ಗುಂಯ್‌ಗುಡುವಿಕೆಯಿಂದ ಹಿಡಿದು ಸೆನ್ಸರ್‌ಗಳ ತಪ್ಪು ಲೆಕ್ಕದವರೆಗೆ ಸಂಬಂಧವೇ ಇಲ್ಲದಂತೆ ತೋರುವ ತೊಂದರೆಗಳನ್ನು ಹುಟ್ಟಿಸಬಲ್ಲದು. ಸಿಗ್ನಲ್‌ನಲ್ಲಿ ತಾನಾಗಿ ಆರುವ ಎಂಜಿನ್ ಉಳ್ಳ ಕಾರುಗಳಿಗೆ ಅದಕ್ಕೆಂದೇ ತಯಾರಾದ ಬ್ಯಾಟರಿಯೇ ಬೇಕು. ಬೆಲೆ ಕಡಿಮೆಯೆಂದು ಸಾಮಾನ್ಯ ಬ್ಯಾಟರಿ ಹಾಕಿಸಿಕೊಂಡವರ ಬ್ಯಾಟರಿ ಬೇಗ ಸೋಲುತ್ತದೆ, ಅದರ ಹಿಂದೆಯೇ ಈ ದೀಪಗಳ ಮೆರವಣಿಗೆ ಆರಂಭವಾಗುತ್ತದೆ.

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದದ್ದು, ಅತಿ ಹೆಚ್ಚು ಕಡೆಗಣಿಸಲ್ಪಟ್ಟದ್ದು, ಅರ್ತಿಂಗ್. ಬ್ಯಾಟರಿಯಿಂದ ಹೊರಟ ವಿದ್ಯುತ್ತು ದೀಪವನ್ನೋ ಮೋಟರನ್ನೋ ದಾಟಿ ಬಾಡಿಯ ತಗಡಿನ ಮೂಲಕ ಬ್ಯಾಟರಿಗೇ ಮರಳಬೇಕು. ಆ ಮರಳುವ ದಾರಿಯಲ್ಲಿರುವ ಬೋಲ್ಟುಗಳು ಕೆಲವೇ ಕೆಲವು. ಒಂದೊಂದಕ್ಕೂ ಹಲವು ಘಟಕಗಳ ತಂತಿಗಳು ಬಂದು ಸೇರಿರುತ್ತವೆ. ನಮ್ಮ ಕಡೆಯ ಮಳೆಗೆ, ಕರಾವಳಿಯ ಉಪ್ಪುಗಾಳಿಗೆ ಆ ಬೋಲ್ಟಿನಡಿ ತುಕ್ಕು ಹಿಡಿಯುತ್ತದೆ, ತಾಮ್ರದ ತುದಿಗೆ ಹಸಿರು ಕಿಲುಬು ಕಟ್ಟುತ್ತದೆ. ಹೊರಗಿನಿಂದ ನೋಡಿದರೆ ಬೋಲ್ಟು ಬಿಗಿಯಾಗಿಯೇ ಇರುತ್ತದೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂದವಾಗಿ ಬೆಳಗುವುದು, ಹೆಡ್‌ಲೈಟ್ ಹಾಕಿದಾಗ ಡ್ಯಾಶ್‌ಬೋರ್ಡಿನ ಮುಳ್ಳು ಅಲುಗುವುದು, ಇವೆಲ್ಲ ಸರಿಯಾದ ದಾರಿ ಮುಚ್ಚಿದ್ದಕ್ಕೆ ವಿದ್ಯುತ್ತು ಬೇರೊಂದು ದೀಪದ ಒಳಗಿಂದ ದಾರಿ ಹುಡುಕಿಕೊಂಡ ಗುರುತುಗಳು. ಇಂಥದ್ದು ಕಂಡರೆ ದೀಪವನ್ನಾಗಲಿ ಸ್ವಿಚ್ಚನ್ನಾಗಲಿ ಬದಲಿಸದೆ ಅರ್ತ್ ಬೋಲ್ಟನ್ನು ಬಿಚ್ಚಿ ನೋಡಬೇಕು.

ಅರ್ತಿಂಗನ್ನು ಪರೀಕ್ಷಿಸುವ ರೀತಿಯಲ್ಲೇ ಬಹಳ ಮಂದಿ ಎಡವುತ್ತಾರೆ. ಮೀಟರಿನ ಬೀಪ್ ಶಬ್ದ ಕೇಳಿಸಿದರೆ ತಂತಿ ಸರಿಯಿದೆಯೆಂದು ಮುಂದೆ ಹೋಗುವುದು ರೂಢಿ. ಒಂದು ತಂತಿಯೊಳಗೆ ಹತ್ತಾರು ಎಳೆಗಳಿದ್ದು, ಅವುಗಳಲ್ಲಿ ಒಂದೇ ಒಂದು ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ, ಏಕೆಂದರೆ ಮೀಟರ್ ಹಾಯಿಸುವ ವಿದ್ಯುತ್ತು ಅತ್ಯಲ್ಪ. ಅದೇ ತಂತಿಯಲ್ಲಿ 10 ಆಂಪಿಯರ್ ಹರಿಯಬೇಕಾದಾಗ ಆ ಎಳೆ ತಾಳಲಾರದು. ಒಂದು ಓಮಿನ ಹತ್ತನೆಯ ಒಂದು ಭಾಗದಷ್ಟು ಅಡ್ಡಿಯೂ 10 ಆಂಪಿಯರ್ ಹರಿದಾಗ 1 ವೋಲ್ಟನ್ನು ನುಂಗುತ್ತದೆ. ಅಷ್ಟು ಸಣ್ಣ ಅಡ್ಡಿಯನ್ನು ಸಾಮಾನ್ಯ ಮೀಟರ್ ಓಮ್ ಲೆಕ್ಕದಲ್ಲಿ ನಿಖರವಾಗಿ ತೋರಿಸಲಾರದು. ಆದ್ದರಿಂದ ಕೆಲಸ ನಡೆಯುತ್ತಿರುವಾಗಲೇ ಅಳೆಯಬೇಕು. ಹೆಡ್‌ಲೈಟ್, ಬ್ಲೋವರ್, ಹಿಂಬದಿ ಗಾಜಿನ ಹೀಟರ್ ಎಲ್ಲವನ್ನೂ ಹಾಕಿ, ಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು, ಅದರ ಮುಳ್ಳುಗಳಲ್ಲಿ (ತಂತಿ ತುದಿಯ ಲೋಹದ ಕಡ್ಡಿಗಳಲ್ಲಿ) ಒಂದನ್ನು ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದನ್ನು ಅನುಮಾನವಿರುವ ಘಟಕದ ಅರ್ತ್ ತಂತಿಯ ತುದಿಯಲ್ಲಿ ಇಡಬೇಕು. 0.1 ಅಥವಾ 0.2 ವೋಲ್ಟಿನವರೆಗೆ ಕಂಡರೆ ಸರಿ. ಅದಕ್ಕಿಂತ ಹೆಚ್ಚಿದ್ದರೆ ಆ ದಾರಿಯಲ್ಲಿ ಎಲ್ಲೋ ಅಡ್ಡಿಯಿದೆ. ಎಂಜಿನ್ ಬ್ಲಾಕಿಗೂ ಮೈನಸ್ ಕಂಬಕ್ಕೂ ಮುಳ್ಳಿಟ್ಟು ಸೆಲ್ಫ್ ಹೊಡೆದಾಗ ಅರ್ಧ ವೋಲ್ಟ್ ಮೀರಿದರೆ ಎಂಜಿನಿನ ಅರ್ತ್ ಪಟ್ಟಿಯನ್ನು ಬಿಚ್ಚಲೇಬೇಕು. ಕಡಿಮೆ ಬೆಲೆಯ ಮೀಟರಿನಲ್ಲಿ, ಕೆಲವೇ ನಿಮಿಷಗಳಲ್ಲಿ ಆಗುವ ಈ ಪರೀಕ್ಷೆಯನ್ನು ದೊಡ್ಡ ದೊಡ್ಡ ವರ್ಕ್‌ಶಾಪುಗಳಲ್ಲಿಯೂ ಮಾಡದೆ ಬಿಡುತ್ತಾರೆಂಬುದೇ ನನಗೆ ನೋವಿನ ಸಂಗತಿ.

ತೀರ್ಥಹಳ್ಳಿಯ ಕಡೆಯ ನನ್ನ ಬಂಧುವೊಬ್ಬರ ಕಾರಿನಲ್ಲಿ ಸ್ಟೀರಿಂಗ್, ಎಬಿಎಸ್, ಏರ್‌ಬ್ಯಾಗ್ ದೀಪಗಳು ಒಟ್ಟಿಗೆ ಹೊತ್ತಿದವು. ಅವರು ಒಯ್ದ ವರ್ಕ್‌ಶಾಪಿನಲ್ಲಿ ಎಬಿಎಸ್ ಘಟಕವನ್ನೂ ಸ್ಟೀರಿಂಗ್ ಮೋಟರನ್ನೂ ಬದಲಿಸಬೇಕೆಂದು ಬರೆದುಕೊಟ್ಟರು. ಆ ಮೊತ್ತ ಅವರ ವರ್ಷದ ಅಡಿಕೆ ಆದಾಯದಲ್ಲಿ ದೊಡ್ಡ ಪಾಲನ್ನು ಕೇಳುವಂತಿತ್ತು. ಊರಿನ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಮೇಲೆ ಹೇಳಿದಂತೆ ಅಳೆದಾಗ ಬಾಡಿಯ ಅರ್ತಿನಲ್ಲಿ 1 ವೋಲ್ಟಿಗೂ ಹೆಚ್ಚು ಕಂಡಿತು. ಬ್ಯಾಟರಿ ತಟ್ಟೆಯ ಕೆಳಗಿನ ಬೋಲ್ಟು ಬಿಚ್ಚಿದರೆ ಅಡಿಯಲ್ಲೆಲ್ಲ ತುಕ್ಕಿನ ಪುಡಿ. ತಗಡನ್ನು ಹೊಳೆಯುವಂತೆ ಉಜ್ಜಿ, ತಂತಿಗೆ ಹೊಸ ತುದಿ ಒತ್ತಿ, ಬಿಗಿದು, ಮೇಲೆ ಗ್ರೀಸ್ ಸವರಿದ ಮೇಲೆ ಸ್ಟೀರಿಂಗ್ ಮತ್ತು ಎಬಿಎಸ್ ದೀಪಗಳು ಆರಿದವು. ವಿದ್ಯುತ್ ಸ್ಟೀರಿಂಗಿನ ಮೋಟರ್ ತಿರುವಿನಲ್ಲಿ ಹತ್ತಾರು ಆಂಪಿಯರ್ ಎಳೆಯುವುದರಿಂದ ಅರ್ತ್ ಕೆಟ್ಟಾಗ ಮೊದಲು ಮುನಿಯುವುದು ಅದೇ.

ಆದರೆ ಏರ್‌ಬ್ಯಾಗ್ ದೀಪ ಆರಲಿಲ್ಲ. ಅದನ್ನು ಬೇರೆಯಾಗಿ ಹುಡುಕಿದಾಗ ಚಾಲಕನ ಸೀಟಿನ ಕೆಳಗಿನ ಕಪ್ಲರ್, ಅಂದರೆ ತಂತಿಗಳನ್ನು ಕೂಡಿಸುವ ಪ್ಲಗ್, ಅಲುಗಿ ಸಡಿಲವಾಗಿತ್ತು. ಎಲ್ಲಕ್ಕೂ ಒಂದೇ ಮೂಲವೆಂದು ನಾನು ಹಟ ಹಿಡಿಯದಿರುವುದು ಇದಕ್ಕಾಗಿಯೇ. ಒಂದೇ ಕಾರಿನಲ್ಲಿ ಎರಡು ದೋಷಗಳು ನಿಜವಾಗಿಯೂ ಇರಬಹುದು, ಹಳೆಯ ಕಾರಿನಲ್ಲಿ ಇರುವುದು ಸಹಜವೂ ಹೌದು. ಮೊದಲು ಎಲ್ಲಕ್ಕೂ ಸಮಾನವಾದದ್ದನ್ನು ಸರಿಪಡಿಸಿ, ಕೋಡುಗಳನ್ನು ಅಳಿಸಿ, ಕಾರನ್ನು ಓಡಿಸಿ, ಮತ್ತೆ ಓದಿದಾಗ ಉಳಿಯುವುದೇ ಸ್ವತಂತ್ರವಾದ ಎರಡನೆಯ ದೋಷ. ಅದನ್ನು ಅದರ ಪಾಡಿಗೆ ಹುಡುಕಬೇಕು. ಏರ್‌ಬ್ಯಾಗಿನ ತಂತಿ ಹಾಗೂ ಕಪ್ಲರ್‌ಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಬ್ಯಾಟರಿ ಬಿಚ್ಚಿ, ತಯಾರಕರು ಹೇಳಿದಷ್ಟು ಹೊತ್ತು ಕಾಯದೆ ಅವನ್ನು ಮುಟ್ಟಬಾರದು, ಟೆಸ್ಟ್ ಲ್ಯಾಂಪನ್ನೋ ಓಮ್ ಮೀಟರನ್ನೋ ಅವುಗಳಿಗೆ ತಾಗಿಸಲೇಬಾರದು. ಏರ್‌ಬ್ಯಾಗ್ ಮುಖದ ಮುಂದೆಯೇ ಸಿಡಿದರೆ ಆಗುವ ಗಾಯ ಸಣ್ಣದಲ್ಲ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಅದಕ್ಕೆಂದೇ ತರಬೇತಿ ಪಡೆದವರಲ್ಲದೆ ಬೇರೆಯವರು ಮುಟ್ಟಬಾರದು. ವಿದ್ಯುತ್ ಕಾರುಗಳಲ್ಲಿಯೂ ಒಂದು ಪುಟ್ಟ 12 ವೋಲ್ಟ್ ಬ್ಯಾಟರಿ ಇರುತ್ತದೆ, ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ ಎಂಬುದು ಹೊಸ ಮಾಲೀಕರಿಗೆ ತಿಳಿದಿರಲಿ.

ಕ್ಯಾನ್ ತಂತಿಗಳ ಪರೀಕ್ಷೆಯೂ ಜನ ಭಾವಿಸಿದಷ್ಟು ನಿಗೂಢವಲ್ಲ. ಸ್ಟೀರಿಂಗ್ ಕೆಳಗಿರುವ 16 ಪಿನ್ನಿನ ಸ್ಕ್ಯಾನರ್ ಕಪ್ಲರಿನಲ್ಲಿ 6 ಮತ್ತು 14ನೆಯ ಪಿನ್ನುಗಳಿಗೆ ಈ ಜೋಡಿ ಬಂದಿರುತ್ತದೆ. ಜೋಡಿಯ ಎರಡು ತುದಿಗಳಲ್ಲಿ 120 ಓಮಿನ ಒಂದೊಂದು ತಡೆ ಇರುವುದರಿಂದ, ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು ಅಳೆದರೆ ಹೆಚ್ಚಿನ ಕಾರುಗಳಲ್ಲಿ 60 ಓಮ್ ಆಸುಪಾಸು ಬರಬೇಕು. 120 ಬಂದರೆ ಒಂದು ತುದಿ ಕಡಿದುಹೋಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಾಗಿವೆ, ಅಥವಾ ಯಾವುದೋ ಘಟಕ ಒಳಗೇ ಶಾರ್ಟಾಗಿದೆ. ಮೀಟರನ್ನು ಹಾಗೆಯೇ ಇಟ್ಟುಕೊಂಡು ಘಟಕಗಳ ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋದರೆ ಎಲ್ಲಿ ಓದು ಬದಲಾಗುತ್ತದೋ ಅಲ್ಲಿ ಹುಡುಕಾಟ ನಿಲ್ಲುತ್ತದೆ. ಸೆನ್ಸರ್‌ಗಳಿಗೂ ಇದೇ ತರ್ಕ ಸಲ್ಲುತ್ತದೆ. ಎಂಜಿನ್ ಘಟಕವು ಹಲವು ಸೆನ್ಸರ್‌ಗಳಿಗೆ ಒಂದೇ ಮೂಲದಿಂದ 5 ವೋಲ್ಟ್ ಹಂಚುತ್ತದೆ. ಅವುಗಳಲ್ಲೊಂದು, ಏರ್ ಕಂಡೀಷನರಿನ ಅನಿಲದ ಒತ್ತಡ ಅಳೆಯುವ ಸೆನ್ಸರ್ ಎನ್ನೋಣ, ಒಳಗೆ ಶಾರ್ಟಾದರೆ ಆಕ್ಸಿಲರೇಟರ್ ಪೆಡಲ್, ಗಾಳಿ ಒತ್ತಡದ ಸೆನ್ಸರ್ ಮುಂತಾದವೆಲ್ಲ ಒಟ್ಟಿಗೆ ಕೆಟ್ಟವೆಂದು ಕೋಡು ಬರುತ್ತದೆ, ಎಂಜಿನ್ ಬಲ ಕಳೆದುಕೊಳ್ಳುತ್ತದೆ. ಅಲ್ಲಿಯೂ ಒಂದೊಂದನ್ನೇ ಬಿಚ್ಚಿ, 5 ವೋಲ್ಟ್ ಯಾವಾಗ ಮರಳುತ್ತದೆಂದು ನೋಡಿದರೆ ಸಾಕು.

ಇಂಥ ದೋಷಗಳು ಎಲ್ಲಿಂದ ಬರುತ್ತವೆ ಎಂಬುದರ ಬಗ್ಗೆಯೂ ಓದುಗರು ಯೋಚಿಸಬೇಕು. ಮುಂಗಾಜಿನ ಬುಡದ ಜಾಲರಿಯಲ್ಲಿ ಮರದ ಎಲೆ, ಹೂವು ತುಂಬಿ ನೀರು ಹರಿಯುವ ತೂತು ಕಟ್ಟಿಕೊಂಡರೆ ನೀರು ಒಳನುಗ್ಗಿ ಡ್ಯಾಶ್‌ಬೋರ್ಡಿನ ಕೆಳಗಿನ ಫ್ಯೂಸ್ ಪೆಟ್ಟಿಗೆಯ ಮೇಲೆಯೇ ಸುರಿಯಬಹುದು. ಸನ್‌ರೂಫ್ ಇರುವ ಕಾರಿನಲ್ಲಿ ಮೂಲೆಗಳ ನೀರಿನ ಕೊಳವೆಗಳಿಗೂ ಇದೇ ಗತಿ. ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ವಾಸನೆ ಬರುತ್ತಿದ್ದರೆ ಅದನ್ನು ಒಣಗಿಸಿ ಸುಮ್ಮನಾಗಬಾರದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಮುಳುಗಿದ ಕಾರುಗಳ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ನೀರಿನಲ್ಲಿ ನಿಂತ ಕಾರು ಒಣಗಿದ ಮೇಲೆ ಓಡಬಹುದು, ಆದರೆ ಕಪ್ಲರ್‌ಗಳೊಳಗೆ ಉಳಿದ ತೇವ ತಿಂಗಳುಗಳ ನಂತರ ಕಿಲುಬಾಗಿ ಕಾಡುತ್ತದೆ. ಹಳೆಯ ಕಾರು ಕೊಳ್ಳುವವರು ಸೀಟಿನ ಹಳಿ, ಬೆಲ್ಟಿನ ಬುಡ, ಕಾರ್ಪೆಟ್ಟಿನ ಅಡಿ ಕೆಸರಿನ ಗುರುತು ಹುಡುಕಬೇಕು. ಅಂಗಳದಲ್ಲಿ ದಿನಗಟ್ಟಲೆ ನಿಂತ ಕಾರಿನಲ್ಲಿ ಇಲಿಗಳು ತಂತಿ ಕಡಿಯುವುದನ್ನು ನಮ್ಮ ಕಡೆ ಯಾರಿಗೂ ವಿವರಿಸಬೇಕಾಗಿಲ್ಲ. ಕಡಿದ ತಂತಿಯನ್ನು ಹೊಸೆದು ಟೇಪ್ ಸುತ್ತುವ ದುರಸ್ತಿ ಮಾತ್ರ ಬೇಡ. ಬೆಸುಗೆ ಹಾಕಿ ಅಥವಾ ಸರಿಯಾಗಿ ಒತ್ತಿ ಕೂಡಿಸಿ, ಶಾಖಕ್ಕೆ ಕುಗ್ಗುವ, ಒಳಬದಿಗೆ ಅಂಟು ಸವರಿದ ಕೊಳವೆ ಹಾಕಿಸಬೇಕು. ಪರೀಕ್ಷಿಸಲೆಂದು ತಂತಿಯ ಸಿಪ್ಪೆಗೆ ಸೂಜಿ ಚುಚ್ಚಿದವರು ಆ ತೂತನ್ನು ಮುಚ್ಚದೆ ಬಿಟ್ಟರೆ ಅಲ್ಲಿಂದಲೇ ನೀರು ಒಳಹೋಗಿ ತಾಮ್ರ ಹಸಿರಾಗುತ್ತದೆ.

ಹೊರಗಿನಿಂದ ಹಾಕಿಸುವ ಸಾಮಾನುಗಳ ವಿಷಯದಲ್ಲಿ ನನಗೆ ಖಚಿತ ಅಭಿಪ್ರಾಯವಿದೆ. ಕಂಪನಿಯ ಹೆಡ್‌ಲೈಟ್ ಬಲ್ಬು ಸಾಮಾನ್ಯವಾಗಿ 60 ವಾಟಿನದು, ಅಂದರೆ ಸುಮಾರು 5 ಆಂಪಿಯರ್. ಅದರ ಜಾಗಕ್ಕೆ 100 ವಾಟಿನದನ್ನು ಹಾಕಿದರೆ ಅದೇ ತಂತಿ 8 ಆಂಪಿಯರಿಗೂ ಹೆಚ್ಚು ಹೊರಬೇಕಾಗುತ್ತದೆ. ಹೋಲ್ಡರ್ ಕರಗಿದ, ಸ್ವಿಚ್ಚು ಸುಟ್ಟ ಕಾರುಗಳನ್ನು ಕಂಡವರಿಗೆ ಇದು ಬರೀ ಲೆಕ್ಕವಲ್ಲವೆಂದು ಗೊತ್ತು. ಸ್ಟೀರಿಯೊ, ರಿವರ್ಸ್ ಕ್ಯಾಮೆರಾ, ಜಿಪಿಎಸ್, ಡ್ಯಾಶ್‌ಕ್ಯಾಮ್ ಯಾವುದೇ ಇರಲಿ, ಸಿಕ್ಕ ತಂತಿಯನ್ನು ಸಿಗಿದು ಜೋಡಿಸಬಾರದು. ಅದಕ್ಕೆ ತನ್ನದೇ ಫ್ಯೂಸ್ ಇರಬೇಕು. ಮೈನಸ್ ಕಂಬದ ಮೇಲೆ ಸೆನ್ಸರ್ ಇರುವ ಕಾರಿನಲ್ಲಿ ಅರ್ತನ್ನು ಕಂಬಕ್ಕೆ ಕೊಡದೆ ಬಾಡಿಗೆ ಕೊಡಬೇಕು, ಇಲ್ಲದಿದ್ದರೆ ಆ ಸಾಮಾನು ತಿನ್ನುವ ವಿದ್ಯುತ್ತು ಕಾರಿನ ಲೆಕ್ಕಕ್ಕೇ ಬಾರದು. ನಿಂತ ಕಾರಿನ ಬ್ಯಾಟರಿ ಇಳಿಯುವ ದೂರಿಗೂ ಇವೇ ಕಾರಣವಾಗುವುದು ಹೆಚ್ಚು. ಎಲ್ಲ ಘಟಕಗಳೂ ಮಲಗಿದ ಮೇಲೆ ಕಾರು ಎಳೆಯುವ ವಿದ್ಯುತ್ತು ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕು. ಅದು ಅರ್ಧ ಆಂಪಿಯರಾದರೆ ದಿನಕ್ಕೆ 12 ಆಂಪಿಯರ್-ಅವರ್ ಹೋಗುತ್ತದೆ. 35 ಆಂಪಿಯರ್-ಅವರಿನ ಸಣ್ಣ ಕಾರಿನ ಬ್ಯಾಟರಿ ಮೂರು ದಿನ ಬಾಳುವುದೂ ಕಷ್ಟ. ಇದನ್ನು ಅಳೆಯುವಾಗ ಕಾರನ್ನು ಬೀಗ ಹಾಕಿ ಅರ್ಧ ಗಂಟೆಯಾದರೂ ಬಿಡಬೇಕು, ಆಮೇಲೂ ಫ್ಯೂಸ್ ಕೀಳದೆ ಅದರ ಎರಡು ತುದಿಗಳ ನಡುವಿನ ಮಿಲಿವೋಲ್ಟ್ ನೋಡಬೇಕು. ಫ್ಯೂಸ್ ಕಿತ್ತು ಹಾಕಿದರೆ ಮಲಗಿದ ಘಟಕಗಳು ಎದ್ದು ಲೆಕ್ಕ ತಪ್ಪುತ್ತದೆ.

ಮಾಲೀಕರು ಮಾಡಬಹುದಾದ ಕೆಲಸ ಕಡಿಮೆಯೇನಲ್ಲ. ದೀಪ ಹೊತ್ತಿದಾಗ ಡ್ಯಾಶ್‌ಬೋರ್ಡಿನ ಫೋಟೊ ತೆಗೆದಿಡಿ. ಮಳೆಯಿತ್ತೇ, ಕಾರು ತೊಳೆಸಿದ್ದಿರೇ, ಹಳ್ಳದ ರಸ್ತೆಯಲ್ಲಿ ಬಂದಿರೇ, ಬ್ಯಾಟರಿ ಇತ್ತೀಚೆಗೆ ಬದಲಾಗಿತ್ತೇ ಎಂದು ಬರೆದಿಡಿ. ಎಬಿಎಸ್‌ನ ಹಳದಿ ದೀಪವೊಂದೇ ಇದ್ದರೆ ಸಾಮಾನ್ಯ ಬ್ರೇಕು ಕೆಲಸ ಮಾಡುತ್ತದೆ, ನಿಧಾನವಾಗಿ ವರ್ಕ್‌ಶಾಪಿಗೆ ಹೋಗಬಹುದು. ಬ್ರೇಕಿನ ಕೆಂಪು ದೀಪ, ಆಯಿಲ್ ದೀಪ ಹೊತ್ತಿದರೆ, ಅಥವಾ ಬ್ಯಾಟರಿ ದೀಪದ ಜೊತೆಗೆ ಸ್ಟೀರಿಂಗ್ ಬಿಗಿಯಾದರೆ ಘಾಟಿಯ ರಸ್ತೆಯಲ್ಲಿ ಮುಂದುವರಿಯುವ ಸಾಹಸ ಬೇಡ, ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ.

ಮೆಕ್ಯಾನಿಕ್‌ಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಯಾವ ಬೋಲ್ಟಿಗೆ ಯಾವ ಯಾವ ಘಟಕ ಸೇರಿದೆ, ಯಾವ ಫ್ಯೂಸು ಯಾರಿಗೆ ಹಂಚುತ್ತದೆ ಎಂಬುದು ವೈರಿಂಗ್ ನಕ್ಷೆಯಿಲ್ಲದೆ ತಿಳಿಯದು. ಆ ನಕ್ಷೆ ಕಂಪನಿಗಳ ಅಧಿಕೃತ ವರ್ಕ್‌ಶಾಪುಗಳ ಹೊರಗೆ ಸುಲಭವಾಗಿ ಸಿಗುವುದಿಲ್ಲ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿದ್ದು, ಬಿಡಿಭಾಗಗಳನ್ನೂ ದೋಷ ಪತ್ತೆ ಮಾಡುವ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡದೆ ಹಿಡಿದಿಟ್ಟುಕೊಂಡದ್ದಕ್ಕಾಗಿಯೇ. ಆ ಆದೇಶ ಮೇಲ್ಮನವಿಗಳ ಹಾದಿ ಹಿಡಿಯಿತು. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗೆ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿ, ಅದರ ವ್ಯಾಪ್ತಿಗೆ ವಾಹನಗಳನ್ನೂ ಸೇರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ಬಂದಿತು. ಸಾಗರದ ಒಂದು ಗ್ಯಾರೇಜಿನ ಹುಡುಗನಿಗೆ ತನ್ನ ಮುಂದೆ ನಿಂತ ಕಾರಿನ ಅರ್ತ್ ಬೋಲ್ಟುಗಳ ನಕ್ಷೆ ನ್ಯಾಯವಾದ ಬೆಲೆಗೆ ಸಿಗುವಂತಾದಾಗ ಮಾತ್ರ ಈ ಪ್ರಯತ್ನಗಳು ನಮ್ಮವರೆಗೆ ತಲುಪಿದವೆಂದು ಒಪ್ಪಬಹುದು.

ನಮ್ಮ ರಾಜ್ಯ ಸರ್ಕಾರ ಮಾಡಬಹುದಾದದ್ದೂ ಇದೆ. 150 ಸರ್ಕಾರಿ ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ, 2022ರ ಜೂನ್‌ನಲ್ಲಿ ಅವುಗಳ ಉದ್ಘಾಟನೆಯೂ ಆಗಿದೆ. ಯಂತ್ರಗಳು ಬಂದಿವೆ, ಸಂತೋಷ. ಆದರೆ ಹೊಸ ಯಂತ್ರ ನಡೆಸಲು ಕಲಿತ ಹುಡುಗ ದೋಷ ಹುಡುಕಲು ತಾನಾಗಿಯೇ ಕಲಿಯುವುದಿಲ್ಲ. ಪ್ರತಿ ಸಂಸ್ಥೆಯಲ್ಲಿಯೂ ಬಿಎಸ್-6 ಕಾರೊಂದನ್ನು ಇದಕ್ಕೆಂದೇ ಇಟ್ಟು, ಶಿಕ್ಷಕರು ಅರ್ತ್ ಸಡಿಲಿಸಿ, ಕ್ಯಾನ್ ತಂತಿಯೊಂದನ್ನು ಬೇರ್ಪಡಿಸಿ, 5 ವೋಲ್ಟ್ ಸಾಲನ್ನು ಶಾರ್ಟ್ ಮಾಡಿ, ಒಮ್ಮೆಗೆ ಎರಡು ದೋಷಗಳನ್ನಿಟ್ಟು ವಿದ್ಯಾರ್ಥಿಗಳಿಂದ ಹುಡುಕಿಸಬೇಕು. ಪ್ರಾಯೋಗಿಕ ಪರೀಕ್ಷೆಯ ಅಂಕಗಳಲ್ಲಿ ದೊಡ್ಡ ಪಾಲು ಅದಕ್ಕೆ ಹೋಗಬೇಕು. ಈ ವಿಧಾನಗಳನ್ನು ಸರಳ ಕನ್ನಡದಲ್ಲಿ ಬರೆದ ಕೈಪಿಡಿಯೊಂದು ಈಗಾಗಲೇ ಗ್ಯಾರೇಜು ನಡೆಸುತ್ತಿರುವವರಿಗೂ ಸಿಗಬೇಕು. ಅಂಥದ್ದನ್ನು ಬರೆಯಲು ಇಲಾಖೆ ಕರೆದರೆ ನಾನೂ, ನನ್ನೊಡನೆ ದುಡಿದ ಹಲವರೂ ಸಂಭಾವನೆಯಿಲ್ಲದೆ ಬರುತ್ತೇವೆ.

ವರ್ಕ್‌ಶಾಪುಗಳನ್ನು ನಾನು ಕೇಳಿಕೊಳ್ಳುವುದು ಇಷ್ಟು. ಎಲೆಕ್ಟ್ರಾನಿಕ್ ಬಿಡಿಭಾಗವನ್ನು ಒಮ್ಮೆ ಕೊಂಡರೆ ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಹಲವನ್ನು ಆ ಕಾರಿಗೇ ಹೊಂದುವಂತೆ ಪ್ರೋಗ್ರಾಂ ಮಾಡಬೇಕಾಗುತ್ತದೆ. ಊಹೆ ತಪ್ಪಿದರೆ ಅದರ ವೆಚ್ಚವೆಲ್ಲ ಗ್ರಾಹಕನ ತಲೆಗೇ ಬರುತ್ತದೆ. ಆದ್ದರಿಂದ ಅಂಥ ಘಟಕ ಬದಲಿಸಬೇಕೆಂದು ಬರೆಯುವ ಮೊದಲು, ನಿಂತ ಕಾರಿನ ಬ್ಯಾಟರಿ ವೋಲ್ಟೇಜ್, ಸೆಲ್ಫ್ ಹೊಡೆಯುವಾಗಿನ ವೋಲ್ಟೇಜ್, ಆ ಘಟಕದ ಪ್ಲಸ್ ಹಾಗೂ ಅರ್ತ್ ತಂತಿಗಳಲ್ಲಿ ಲೋಡ್ ಇರುವಾಗ ಕಳೆದುಹೋಗುವ ವೋಲ್ಟೇಜ್, ಕ್ಯಾನ್ ಜೋಡಿಯ ಓಮ್, ಇವನ್ನು ಜಾಬ್ ಕಾರ್ಡಿನಲ್ಲಿ ಬರೆದು, ಅಳೆದವರು ಸಹಿ ಹಾಕಲಿ. ಅಳೆಯುವ ಶ್ರಮಕ್ಕೆ ಬೇರೆಯಾಗಿ ಕೂಲಿ ಕೇಳಲಿ, ಗ್ರಾಹಕರು ಚೌಕಾಸಿ ಮಾಡದೆ ಕೊಡಲಿ. ದೋಷ ಹುಡುಕುವ ವಿದ್ಯೆಗೆ ಹಣ ಕೊಡಲು ನಾವು ಹಿಂಜರಿಯುವುದರಿಂದಲೇ ಬಿಡಿಭಾಗ ಮಾರುವವರು ಬೆಳೆದಿದ್ದಾರೆ. ಆ ಅಂಕಿಗಳಿಲ್ಲದ ಅಂದಾಜು ಪಟ್ಟಿ ಕೈಗೆ ಬಂದರೆ, ಸಹಿ ಹಾಕುವ ಮುನ್ನ ಅವನ್ನು ಬರೆದುಕೊಡಿರೆಂದು ಮರ್ಯಾದೆಯಿಂದ ಕೇಳುವ ಹಕ್ಕು ಪ್ರತಿಯೊಬ್ಬ ಮಾಲೀಕರಿಗೂ ಇದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ತರಬೇತಿ ಅಧಿಕಾರಿ,
ಸಾಗರ, ಶಿವಮೊಗ್ಗ ಜಿಲ್ಲೆ